ಪತಿ-ಪತ್ನಿಯರ ಜಂಟಿ ಹೆಸರಿನಲ್ಲಿ ಮನೆ ಖರೀದಿ ಮತ್ತು ನೋಂದಣಿ: ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಮನೆ ಅಥವಾ ನಿವೇಶನವನ್ನು ಪತಿ-ಪತ್ನಿಯರಿಬ್ಬರ ಹೆಸರಿನಲ್ಲಿ ಖರೀದಿಸಲು ಇಚ್ಛಿಸುವವರು ತಿಳಿದಿರಬೇಕಾದ ಕಾನೂನಿನ ಅಂಶಗಳನ್ನೂ ನೋಂದಣಿಯ ವಿಧಾನವನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಜಂಟಿ ಖರೀದಿಯಲ್ಲಿ ಪಾಲು

ಇಬ್ಬರ ಹೆಸರಿಗೆ ಕ್ರಯಪತ್ರವಾದಲ್ಲಿ ಇಬ್ಬರೂ ಸಹ-ಮಾಲೀಕರಾಗುತ್ತಾರೆ. ಸ್ವತ್ತು ವರ್ಗಾವಣೆ ಅಧಿನಿಯಮ, 1882ರ ಪ್ರಕರಣ 45ರಂತೆ, ಖರೀದಿಯ ಹಣವನ್ನು ಪ್ರತ್ಯೇಕವಾಗಿ ನೀಡಿದ್ದಲ್ಲಿ ಅವರವರು ನೀಡಿದ ಹಣದ ಪ್ರಮಾಣದಲ್ಲಿ ಪಾಲು ದೊರೆಯುತ್ತದೆ. ಯಾರು ಎಷ್ಟು ನೀಡಿದರೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದಲ್ಲಿ ಸಮಪಾಲೆಂದು ಭಾವಿಸಲಾಗುತ್ತದೆ. ಆದುದರಿಂದ ಪಾಲಿನ ಪ್ರಮಾಣವನ್ನು ಕ್ರಯಪತ್ರದಲ್ಲಿಯೇ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ. ಒಡವೆ ಮಾರಿದ ಹಣ, ತವರಿನಿಂದ ಬಂದ ಹಣ ಮುಂತಾದವುಗಳನ್ನು ಪತ್ನಿಯು ನೀಡಿದ್ದಲ್ಲಿ ಅದನ್ನು ಬ್ಯಾಂಕಿನ ಮೂಲಕ ಪಾವತಿಸಿ, ವಿವರವನ್ನು ಪತ್ರದಲ್ಲಿ ಕಾಣಿಸತಕ್ಕದ್ದು.

2. ಒಬ್ಬರ ಮರಣಾನಂತರದ ಸ್ಥಿತಿ

ಜಂಟಿ ಹೆಸರಿದ್ದ ಮಾತ್ರಕ್ಕೆ ಮೃತರ ಪಾಲು ಬದುಕಿರುವ ಸಂಗಾತಿಗೆ ತಾನಾಗಿಯೇ ಸೇರುತ್ತದೆ ಎಂಬ ಭಾವನೆ ಸರಿಯಲ್ಲ. ಮೃತರ ಪಾಲು ಅವರ ವಾರಸುದಾರರಿಗೆ ಹೋಗುತ್ತದೆ.

ಉದಾಹರಣೆ: ಸಮಪಾಲಿನಲ್ಲಿ ಖರೀದಿಸಿದ ಮನೆಯ ಹಿಂದೂ ಪತಿಯು ಉಯಿಲು ಬರೆಯದೆ ಮೃತರಾಗಿ, ಪತ್ನಿ, ಇಬ್ಬರು ಮಕ್ಕಳು ಮತ್ತು ತಾಯಿ ಇದ್ದಲ್ಲಿ, ಅವರ ಅರ್ಧ ಪಾಲು ಈ ನಾಲ್ವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಪತ್ನಿಗೆ ತನ್ನ ಅರ್ಧದೊಂದಿಗೆ ಎಂಟನೇ ಒಂದು ಭಾಗ, ಅಂದರೆ ಒಟ್ಟು ಎಂಟರಲ್ಲಿ ಐದು ಭಾಗ ದೊರೆಯುತ್ತದೆ. ಮನೆಯು ಪತಿಯೊಬ್ಬರ ಹೆಸರಿನಲ್ಲೇ ಇದ್ದಿದ್ದರೆ ಆಕೆಗೆ ನಾಲ್ಕನೇ ಒಂದು ಭಾಗ ಮಾತ್ರ ದೊರೆಯುತ್ತಿತ್ತು. ಸಂಪೂರ್ಣ ಮನೆಯು ಸಂಗಾತಿಗೇ ಸೇರಬೇಕೆಂದಿದ್ದಲ್ಲಿ ಇಬ್ಬರೂ ಪ್ರತ್ಯೇಕ ಉಯಿಲು ಬರೆದಿಡಬಹುದು. ಇತರ ಧರ್ಮೀಯರಿಗೆ ಅವರವರ ಉತ್ತರಾಧಿಕಾರ ಕಾನೂನು ಅನ್ವಯಿಸುತ್ತದೆ.

3. ಖರೀದಿಗೆ ಮುನ್ನ ಜಾಗದ ಸ್ವರೂಪದ ಪರಿಶೀಲನೆ

ಈ ಮೂರು ತಾಲ್ಲೂಕುಗಳಲ್ಲಿ ಅರಣ್ಯ ಮತ್ತು ಸರ್ಕಾರಿ ಜಮೀನು ಅಧಿಕವಿರುವುದರಿಂದ ಕೆಳಕಂಡವುಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು.

(ಅ) ಸೊಪ್ಪಿನ ಬೆಟ್ಟ: ಅಡಿಕೆ ತೋಟಗಳಿಗೆ ಸೊಪ್ಪು, ದರಕು ತರಲು ಬಿಟ್ಟಿರುವ ಬೆಟ್ಟದ ಮೇಲೆ ತೋಟದ ಮಾಲೀಕರಿಗೆ ಸೌಲಭ್ಯ ಮಾತ್ರ ಇರುತ್ತದೆ, ಒಡೆತನವಿರುವುದಿಲ್ಲ. ಮನೆ ಕಟ್ಟುವ ಉದ್ದೇಶಕ್ಕೆ ಬೆಟ್ಟದ ಜಾಗವನ್ನು ಖರೀದಿಸಬಾರದು.

(ಆ) ಅರಣ್ಯ ಹಕ್ಕು ಪತ್ರದ ಜಾಗ: ಅರಣ್ಯ ಹಕ್ಕುಗಳ ಮಾನ್ಯತೆ ಅಧಿನಿಯಮ, 2006ರ ಪ್ರಕರಣ 4(4)ರಂತೆ ವಿವಾಹಿತರಿಗೆ ಹಕ್ಕು ಪತ್ರವನ್ನು ಪತಿ-ಪತ್ನಿಯರಿಬ್ಬರ ಜಂಟಿ ಹೆಸರಿನಲ್ಲಿಯೇ ನೀಡಲಾಗುತ್ತದೆ. ಆದರೆ ಸದರಿ ಹಕ್ಕು ವಾರಸುದಾರರಿಗೆ ಮಾತ್ರ ಬರುತ್ತದೆ; ಮಾರಾಟ ಅಥವಾ ಪರಭಾರೆ ಮಾಡಲು ಅವಕಾಶವಿರುವುದಿಲ್ಲ.

(ಇ) ಅತಿಕ್ರಮಣ ಜಾಗ: ಛಾಪಾ ಕಾಗದದ ಮೇಲೆ ಬರೆದು ನೋಟರಿಯವರಿಂದ ದೃಢೀಕರಿಸಿದ ಸ್ವಾಧೀನ ಪತ್ರದಿಂದ ಒಡೆತನ ಬರುವುದಿಲ್ಲ. ಇಂತಹ ಪತ್ರ ನಂಬಿ ಹಣ ನೀಡಿದವರು ಹಣವನ್ನೂ ಕಟ್ಟಡವನ್ನೂ ಕಳೆದುಕೊಳ್ಳುವ ಸಂಭವವಿರುತ್ತದೆ.

(ಈ) ಮಂಜೂರಾದ ಜಮೀನು: ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು 1978ರ ಅಧಿನಿಯಮದಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ವರ್ಗಾಯಿಸುವಂತಿಲ್ಲ.

(ಉ) ಅವಿಭಕ್ತ ಕುಟುಂಬದ ಮನೆ: ಹಿಂದೂ ಉತ್ತರಾಧಿಕಾರ ಅಧಿನಿಯಮದ 2005ರ ತಿದ್ದುಪಡಿಯಂತೆ ವಿವಾಹಿತ ಹೆಣ್ಣುಮಕ್ಕಳೂ ಪಿತ್ರಾರ್ಜಿತ ಸ್ವತ್ತಿನ ಪಾಲುದಾರರು. ಎಲ್ಲ ಪಾಲುದಾರರ ಸಹಿ ಪಡೆಯತಕ್ಕದ್ದು.

4. ಪರಿಶೀಲಿಸಬೇಕಾದ ದಾಖಲೆಗಳು

- ಮಾರಾಟಗಾರರ ಮೂಲ ಹಕ್ಕು ಪತ್ರಗಳು
- ಋಣಭಾರ ಪ್ರಮಾಣಪತ್ರ (ವ್ಯವಹಾರಗಳಿದ್ದಲ್ಲಿ ನಮೂನೆ-15, ಇಲ್ಲದಿದ್ದಲ್ಲಿ ನಮೂನೆ-16)
- ಶಿರಸಿ ನಗರಸಭೆ, ಸಿದ್ದಾಪುರ ಅಥವಾ ಯಲ್ಲಾಪುರ ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಸ್ವತ್ತಿಗೆ ಇ-ಆಸ್ತಿ ಖಾತಾ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವತ್ತಿಗೆ ಇ-ಸ್ವತ್ತು ನಮೂನೆಗಳು
- ಕೃಷಿ ಜಮೀನಿನಲ್ಲಿ ವಿನ್ಯಾಸಗೊಂಡ ನಿವೇಶನವಾದಲ್ಲಿ ಭೂಪರಿವರ್ತನೆ ಆದೇಶ
- ಚಾಲ್ತಿ ವರ್ಷದ ತೆರಿಗೆ ರಸೀದಿ

5. ಶುಲ್ಕಗಳು

ಮನೆ ಅಥವಾ ನಿವೇಶನದ ಕ್ರಯಕ್ಕೆ, ಮಾರ್ಗಸೂಚಿ ಬೆಲೆ ಮತ್ತು ಒಪ್ಪಿತ ಬೆಲೆಗಳಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಶೇ. 5ರಷ್ಟು ಮುದ್ರಾಂಕ ಶುಲ್ಕವಿರುತ್ತದೆ. ಮುದ್ರಾಂಕ ಶುಲ್ಕದ ಮೇಲೆ ಶೇ. 10ರಷ್ಟು ಉಪಕರ ಹಾಗೂ ಪಟ್ಟಣದಲ್ಲಿ ಶೇ. 2, ಗ್ರಾಮಾಂತರದಲ್ಲಿ ಶೇ. 3ರಷ್ಟು ಅಧಿಭಾರ ಸೇರುತ್ತದೆ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ಶೇ. 1ರ ಬದಲಿಗೆ ಶೇ. 2 ಆಗಿರುತ್ತದೆ. ಖರೀದಿದಾರರು ಒಬ್ಬರಿರಲಿ ಇಬ್ಬರಿರಲಿ, ದರದಲ್ಲಿ ವ್ಯತ್ಯಾಸವಿರುವುದಿಲ್ಲ.

ಉದಾಹರಣೆ: ಪಟ್ಟಣದಲ್ಲಿ ರೂ. 30 ಲಕ್ಷದ ಮನೆಗೆ
- ಮುದ್ರಾಂಕ ಶುಲ್ಕ: ರೂ. 1,50,000
- ಉಪಕರ: ರೂ. 15,000
- ಅಧಿಭಾರ: ರೂ. 3,000
- ನೋಂದಣಿ ಶುಲ್ಕ: ರೂ. 60,000
- ಒಟ್ಟು: ರೂ. 2,28,000

ಈಗ ಒಬ್ಬರ ಹೆಸರಿಗೆ ಖರೀದಿಸಿ, ಮುಂದೆ ಸಂಗಾತಿಯನ್ನು ಸೇರಿಸಬೇಕೆಂದಲ್ಲಿ ಪ್ರತ್ಯೇಕ ದಾನಪತ್ರವನ್ನು ನೋಂದಾಯಿಸಬೇಕಾಗುತ್ತದೆ. ಖಾತೆಯಲ್ಲಿ ಹೆಸರು ಸೇರಿಸಿದ ಮಾತ್ರಕ್ಕೆ ಒಡೆತನ ಬರುವುದಿಲ್ಲ.

6. ನೋಂದಣಿ ವಿಧಾನ

ಕಾವೇರಿ 2.0 ತಂತ್ರಾಂಶದಲ್ಲಿ ಕರಡು ಪತ್ರ ಮತ್ತು ದಾಖಲೆಗಳನ್ನು ಸಲ್ಲಿಸಿ, ಪರಿಶೀಲನೆಯ ನಂತರ ಶುಲ್ಕ ಪಾವತಿಸಿ, ದಿನ ಮತ್ತು ವೇಳೆಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು. 2024ರಿಂದ ಜಿಲ್ಲೆಯೊಳಗಿನ ಯಾವುದೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲು ಅವಕಾಶವಿದೆ. ಮಾರಾಟಗಾರರು ಮತ್ತು ಖರೀದಿಸುವ ಪತಿ-ಪತ್ನಿಯರಿಬ್ಬರ ಭಾವಚಿತ್ರ ಹಾಗೂ ಹೆಬ್ಬೆರಳ ಗುರುತು ಅಗತ್ಯ. ಬೆಂಗಳೂರು ಮುಂತಾದೆಡೆ ಉದ್ಯೋಗದಲ್ಲಿದ್ದು ಒಬ್ಬರು ಬರಲಾಗದಿದ್ದಲ್ಲಿ, ವಿಧಿಪ್ರಕಾರ ದೃಢೀಕೃತವಾದ ಅಧಿಕಾರ ಪತ್ರದ ಮೂಲಕ ಪ್ರತಿನಿಧಿಯನ್ನು ನೇಮಿಸಬಹುದು. ಪತ್ರವನ್ನು ಬರೆದುಕೊಟ್ಟ ದಿನಾಂಕದಿಂದ ನಾಲ್ಕು ತಿಂಗಳೊಳಗೆ ಹಾಜರುಪಡಿಸತಕ್ಕದ್ದು.

ರೂ. 20,000 ಅಥವಾ ಅದಕ್ಕೂ ಹೆಚ್ಚಿನ ಮುಂಗಡವನ್ನು ನಗದಾಗಿ ನೀಡಬಾರದು. ಬೆಲೆ ರೂ. 50 ಲಕ್ಷ ಅಥವಾ ಹೆಚ್ಚಿದ್ದಲ್ಲಿ ಶೇ. 1ರಷ್ಟು ಆದಾಯ ತೆರಿಗೆಯನ್ನು ಕಡಿತಗೊಳಿಸಿ ಪಾವತಿಸತಕ್ಕದ್ದು. ಈ ಮಿತಿಗೆ ಒಬ್ಬೊಬ್ಬರ ಪಾಲನ್ನಲ್ಲದೆ ಸ್ವತ್ತಿನ ಒಟ್ಟು ಬೆಲೆಯನ್ನೇ ಪರಿಗಣಿಸಲಾಗುತ್ತದೆ.

7. ನೋಂದಣಿಯ ನಂತರ

ಖಾತೆ ಬದಲಾವಣೆಯಾದ ಮೇಲೆ ಇಬ್ಬರ ಹೆಸರೂ ಆಧಾರ್‌ನಲ್ಲಿರುವಂತೆಯೇ ದಾಖಲಾಗಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ವಿವಾಹದ ನಂತರ ಪತ್ನಿಯ ಹೆಸರು ಬದಲಾಗಿದ್ದಲ್ಲಿ ಎರಡೂ ಹೆಸರುಗಳನ್ನು ಕ್ರಯಪತ್ರದಲ್ಲಿ ಕಾಣಿಸುವುದು ಒಳಿತು. ನೋಂದಣಿಯಾದ ಪತ್ರದಲ್ಲಿ ಹೆಸರು, ಸರ್ವೆ ನಂಬರು ಅಥವಾ ಚಕ್ಕುಬಂದಿ ತಪ್ಪಾಗಿದ್ದಲ್ಲಿ ಮಾರಾಟಗಾರರಿಂದ ತಿದ್ದುಪಡಿ ಪತ್ರ ಬರೆಸಿಕೊಂಡು ನೋಂದಾಯಿಸತಕ್ಕದ್ದು.

ಹೆಚ್ಚಿನ ಮಾಹಿತಿಗೆ ಆಯಾ ತಾಲ್ಲೂಕಿನ ಉಪನೋಂದಣಾಧಿಕಾರಿಗಳ ಕಚೇರಿಯನ್ನು ಅಥವಾ ಕಾರವಾರದ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಮುಂಗಡ ಹಣ ನೀಡುವ ಮೊದಲೇ ದಾಖಲೆಗಳನ್ನು ಪರಿಶೀಲಿಸಿಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.