ಟ್ರಿಪಲ್ ಒನ್ ಜೀವೋ (ಹೈದರಾಬಾದ್)

ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಜಲಾನಯನ ಕಾಯಲು ಆಂಧ್ರಪ್ರದೇಶ ಸರ್ಕಾರ 1996ರ ಮಾರ್ಚ್‌ನಲ್ಲಿ ಹೊರಡಿಸಿದ 111ನೇ ಸರ್ಕಾರಿ ಆದೇಶ (ಜೀವೋ). 1908ರ ಮೂಸಿ ನದಿಯ ಮಹಾಪೂರದ ನಂತರ ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಎದ್ದ ಜಲಾಶಯಗಳಿವು. ಸುತ್ತ 10 ಕಿ.ಮೀ. ವ್ಯಾಪ್ತಿಯ 84 ಹಳ್ಳಿಗಳಲ್ಲಿ ಕೈಗಾರಿಕೆ, ದೊಡ್ಡ ಹೋಟೆಲು, ವಸತಿ ಬಡಾವಣೆಗಳಿಗೆ ತಡೆ ಬಿತ್ತು, ಬೇಸಾಯಕ್ಕೆ ಅಡ್ಡಿಯಿರಲಿಲ್ಲ. ಈ ವ್ಯಾಪ್ತಿಯ ಮೊಯಿನಾಬಾದಿನ ರೈತನ ಹೊಲಕ್ಕೆ ಬಿದ್ದ ಮಳೆ ಹಳ್ಳ ಹಿಡಿದು ಕೆರೆ ಸೇರಿ ನಗರದ ನಲ್ಲಿಗೆ ಬರುತ್ತಿತ್ತು. ಆ ಹೊಲವನ್ನು ಅವನು ಬಡಾವಣೆಗೆಂದು ಮಾರುವಂತಿರಲಿಲ್ಲ. ನೀರು ಕುಡಿದ ನಗರ ಅವನಿಗೆ ವರ್ಷವರ್ಷ ಸಂರಕ್ಷಣಾಧನ ಕೊಡುವ ಏರ್ಪಾಡು ಆದೇಶದಲ್ಲಿ ಇರಲಿಲ್ಲ. ಇದೇ ಅದರ ದೊಡ್ಡ ಕೊರತೆ, ಅನ್ಯಾಯವೂ ಹೌದು. ಇಂಥ ಏರ್ಪಾಡು ಅಸಾಧ್ಯವೇನಲ್ಲ: ಕೋಸ್ಟರಿಕಾ ದೇಶ 1997ರಿಂದ ಖಾಸಗಿ ಕಾಡು ಉಳಿಸಿಕೊಂಡ ಜಮೀನುದಾರರಿಗೆ ಹಣ ಕೊಡುತ್ತ ಬಂದಿದೆ. ತೆಲಂಗಾಣ ಸರ್ಕಾರ 2022ರ ಏಪ್ರಿಲ್‌ನಲ್ಲಿ 69ನೇ ಆದೇಶದ ಮೂಲಕ 111ನೇ ಆದೇಶದ ನಿರ್ಬಂಧಗಳನ್ನು ತೆಗೆಯಿತು.