ಮೈಸೂರು ಸಕ್ಕರೆ ಕಂಪನಿ, ಮಂಡ್ಯ

ಮೈಸೂರು ಸಂಸ್ಥಾನದ ಸರ್ಕಾರವೂ ಸಾರ್ವಜನಿಕ ಷೇರುದಾರರೂ ಕೂಡಿ 1933ರ ಜನವರಿಯಲ್ಲಿ ಸ್ಥಾಪಿಸಿದ ಸಕ್ಕರೆ ಉದ್ದಿಮೆ. ಜನರ ಬಾಯಲ್ಲಿ ‘ಮೈಷುಗರ್’. ಮಂಡ್ಯಕ್ಕೆ ‘ಸಕ್ಕರೆ ನಗರ’ ಎಂಬ ಹೆಸರು ಅಂಟಿದ್ದು ಇದರಿಂದಲೇ. ಸಕ್ಕರೆಯೊಂದಿಗೆ ಮದ್ಯಸಾರವನ್ನೂ ತಯಾರಿಸಿ, ಸುತ್ತಲಿನ ಬಯಲುಸೀಮೆಗೆ ರಾಸಾಯನಿಕ ಕೈಗಾರಿಕೆಯ ಪರಿಚಯ ಮಾಡಿಸಿದ ಕಂಪನಿ ಇದು.

ಇದರ ಹುಟ್ಟನ್ನು ನಾಲೆಯಿಂದ ಬೇರ್ಪಡಿಸಿ ಹೇಳಲಾಗದು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ ಮುಗಿಯುವ ಹೊತ್ತಿಗೆ, ಹುಲಿಕೆರೆ ಸುರಂಗದ ಮೂಲಕ ಹಾದುಬಂದ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ಮಂಡ್ಯ, ಮದ್ದೂರು, ಮಳವಳ್ಳಿಯ ರಾಗಿ–ಹುರುಳಿ ಹೊಲಗಳಿಗೆ ಕಾವೇರಿಯನ್ನು ತಲುಪಿಸಿತು. ಆದರೆ ನೀರು ಬಂದದ್ದು ಜಗತ್ತೇ ಆರ್ಥಿಕ ಕುಸಿತಕ್ಕೆ ಸಿಕ್ಕಿದ್ದ ಕಾಲದಲ್ಲಿ. ಭತ್ತದ ಬೆಲೆ ನೆಲಕಚ್ಚಿತ್ತು, ಬೆಲ್ಲದ್ದೂ ಅಷ್ಟೆ. ಕೋಟಿಗಟ್ಟಲೆ ಸುರಿದು ಕಟ್ಟಿದ ನಾಲೆಯ ಕಂದಾಯವನ್ನು ರೈತ ಯಾವ ಬೆಳೆಯಿಂದ ತೀರಿಸಬೇಕು? ಎಂ. ವಿಶ್ವೇಶ್ವರಯ್ಯನವರ ‘ಬ್ಲಾಕ್ ಪದ್ಧತಿ’ಯ ಪ್ರಕಾರ ನಾಲೆಬಯಲಿನಲ್ಲಿ ಕಬ್ಬು, ಭತ್ತ, ಅರೆನೀರಾವರಿ ಬೆಳೆಗಳು ಸರದಿಯಲ್ಲಿ ಬರಬೇಕಿತ್ತು. ಅಷ್ಟು ಕಬ್ಬನ್ನು ಅರೆಯುವ ಶಕ್ತಿ ಊರಿನ ಆಲೆಮನೆಗಳಿಗೆ ಇರಲಿಲ್ಲ.

ಕಾರ್ಖಾನೆಯೊಂದೇ ದಾರಿ ಎಂದು ಪಟ್ಟುಹಿಡಿದವರಲ್ಲಿ ಮುಖ್ಯರು ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್. ಕೆನಡಾದವರಾದ ಇವರು 1908ರಲ್ಲಿ ಮೈಸೂರಿಗೆ ಬಂದು, ಅಡಿಕೆಯ ಕೊಳೆರೋಗಕ್ಕೆ ಮದ್ದು ಹುಡುಕಿ ಮಲೆನಾಡಿನ ವಿಶ್ವಾಸ ಗಳಿಸಿದ್ದರು. ಹೆಬ್ಬಾಳದಲ್ಲಿ ಕಬ್ಬಿನ ತಳಿ ಸಂಶೋಧನೆಗೆ ತಳಹದಿ ಹಾಕಿದ್ದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲವಿತ್ತು. ಆಮದು ಸಕ್ಕರೆಗೆ ಸುಂಕ ಹೇರಿ ದೇಶೀ ಕಾರ್ಖಾನೆಗಳಿಗೆ ರಕ್ಷಣೆ ಕೊಟ್ಟ 1932ರ ಕಾಯಿದೆಯೂ ಸಮಯಕ್ಕೆ ಒದಗಿತು. ದಿನಕ್ಕೆ 400 ಟನ್ ಕಬ್ಬು ಅರೆಯುವ ಯಂತ್ರಗಳು 1934ರ ಹೊತ್ತಿಗೆ ತಿರುಗತೊಡಗಿದವು. ಕೋಲ್ಮನ್ ಮೈಸೂರಿನ ಸೇವೆಯಿಂದ ನಿವೃತ್ತರಾದದ್ದೂ ಅದೇ ವರ್ಷ. ಮುಂದೆ ಹಂತಹಂತವಾಗಿ ಕಾರ್ಖಾನೆಯ ಅರೆಯುವ ಸಾಮರ್ಥ್ಯ ದಿನಕ್ಕೆ 5,000 ಟನ್ನಿಗೆ ಏರಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗ, ಅದರ ಕೇಂದ್ರ ಆಗಲೇ ಕಾರ್ಖಾನೆಯ ಊರಾಗಿ ಬೆಳೆದಿತ್ತು.

ಗಾಣದಿಂದ ಇಳಿಯುವ ಕಬ್ಬಿನಹಾಲು ಮಣ್ಣು, ಮೇಣ, ನಾರಿನ ಪುಡಿ ಬೆರೆತು ಹಸಿರು ಕಪ್ಪಾಗಿರುತ್ತದೆ. ಅದನ್ನು ಕಾಯಿಸಿ ಸುಣ್ಣದ ತಿಳಿ ಬೆರೆಸುತ್ತಾರೆ. ಇನ್ನೊಂದೆಡೆ ಕುಲುಮೆಯಲ್ಲಿ ಗಂಧಕ ಉರಿಸಿ, ಹೊರಟ ಗಂಧಕದ ಡೈಆಕ್ಸೈಡ್ ಅನಿಲವನ್ನು ಆ ಹಾಲಿನೊಳಗೆ ಹಾಯಿಸುತ್ತಾರೆ. ಸುಣ್ಣವೂ ಅನಿಲವೂ ಕೂಡಿದಲ್ಲಿ ಕಸರೆಲ್ಲ ಗಸಿಯಾಗಿ ತಳಕ್ಕಿಳಿದು, ಮೇಲೆ ಹೊಂಬಣ್ಣದ ತಿಳಿ ನಿಲ್ಲುತ್ತದೆ. ಬಿಳಿ ಸಕ್ಕರೆಯ ಬಿಳುಪು ಹುಟ್ಟುವುದು ಇಲ್ಲಿಂದ. ಅನಿಲ ಹೆಚ್ಚಾದರೆ ರಸ ಹುಳಿಯೇರಿ ಸಕ್ಕರೆ ನಷ್ಟವಾಗುತ್ತದೆ, ಸುಣ್ಣ ಹೆಚ್ಚಾದರೆ ಬಣ್ಣ ಕೆಡುತ್ತದೆ. ಹಾಗಾಗಿ ಇಲ್ಲಿ ನಿಲ್ಲುವ ಕೆಲಸಗಾರನ ಕಣ್ಣಳತೆಗೆ ಬಹಳ ಬೆಲೆಯಿತ್ತು.

ಒಂದು ಟನ್ ಕಬ್ಬಿಗೆ ಸಿಗುವ ಸಕ್ಕರೆ ಒಂದು ಕ್ವಿಂಟಾಲಿನ ಆಸುಪಾಸು. ಕಂಪನಿ ಬೆಳೆದದ್ದು ಮಿಕ್ಕದ್ದನ್ನು ಬಿಸಾಡದೆ ಬಳಸಿದ್ದರಿಂದ. ಸಿಪ್ಪೆ ಬಾಯ್ಲರಿಗೆ ಹೋಯಿತು, ಗಸಿಯ ಮಡ್ಡಿ ಗೊಬ್ಬರವಾಗಿ ಗದ್ದೆಗೆ ಮರಳಿತು, ಸಕ್ಕರೆ ತೆಗೆದು ಉಳಿದ ಪಾಕವಾದ ಕಾಕಂಬಿ ಮದ್ಯಸಾರದ ಘಟಕಕ್ಕೆ ಇಳಿಯಿತು. ಪೆಟ್ರೋಲಿಗೆ ಬೆರೆಸುವ ‘ಪವರ್ ಆಲ್ಕೋಹಾಲ್’ ತಯಾರಿಸಿದ ದೇಶದ ಮೊದಮೊದಲ ಕಾರ್ಖಾನೆಗಳಲ್ಲಿ ಮಂಡ್ಯದ್ದೂ ಒಂದು. ಇಂದು ಎಥನಾಲ್ ಮಿಶ್ರಣವನ್ನು ಹೊಸ ಸಾಧನೆಯೆಂದು ಹೊಗಳುವವರು ಈ ಮಾತನ್ನು ನೆನೆಯಬೇಕು. ಕಾಕಂಬಿ ಹುದುಗುವಾಗ ಮದ್ಯಸಾರದಷ್ಟೇ ತೂಕದ ಇಂಗಾಲದ ಡೈಆಕ್ಸೈಡ್ ಕೂಡ ಹೊಮ್ಮುತ್ತದೆ. ಇದನ್ನು ಹಿಡಿದು ಶುದ್ಧಗೊಳಿಸಿದರೆ ಸೋಡಾಕ್ಕೂ ಒಣ ಮಂಜುಗಡ್ಡೆಗೂ ಒದಗುವ ಕೈಗಾರಿಕಾ ಅನಿಲ.

ಕಬ್ಬು ಸಾರಜನಕವನ್ನು ವಿಪರೀತ ಬೇಡುವ ಬೆಳೆ; ಅದನ್ನು ಒದಗಿಸುವ ಗೊಬ್ಬರಕ್ಕೆ ಅಮೋನಿಯ ಬೇಕು. 1930ರ ದಶಕದ ಕೊನೆಯಲ್ಲಿ ಶ್ರೀರಂಗಪಟ್ಟಣದ ಬಳಿಯ ಬೆಳಗೊಳದಲ್ಲಿ ಎದ್ದ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ಜಲಜನಕ–ಸಾರಜನಕ ಅನಿಲಗಳನ್ನು ಕೂಡಿಸಿ ಅಮೋನಿಯ ಮಾಡಿದ ದೇಶದ ಆರಂಭದ ಕಾರ್ಖಾನೆಗಳಲ್ಲೊಂದು. ಅಂಥ ಸಾಹಸಗಳಿಗೆ ಧೈರ್ಯ ಕೊಟ್ಟದ್ದು ವಿದ್ಯುತ್ತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಿಂದಲೇ ಜಲವಿದ್ಯುತ್ ತಯಾರಾಗುತ್ತಿತ್ತು. ಸ್ವಾತಂತ್ರ್ಯಾನಂತರ ಬೆಳಗೊಳದಲ್ಲೇ ಸಿಪ್ಪೆಯಿಂದ ಕಾಗದ ಮಾಡುವ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್, ಮಂಡ್ಯದಲ್ಲಿ ಮೈಸೂರು ಅಸಿಟೇಟ್ ಅಂಡ್ ಕೆಮಿಕಲ್ಸ್ ಬಂದವು.

ಬೆಳವಣಿಗೆಯ ಜೊತೆಗೇ ಪೈಪೋಟಿಯೂ ಬಂತು. ಪಾಂಡವಪುರದ ಸಹಕಾರಿ ಕಾರ್ಖಾನೆ, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯ ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆ, ಕೊಪ್ಪದ ಖಾಸಗಿ ಕಾರ್ಖಾನೆ ಎಲ್ಲವೂ ಇದೇ ನಾಲೆಬಯಲಿನ ಕಬ್ಬಿಗೆ ಕೈಚಾಚಿದವು. ಹಳೆಯ ಯಂತ್ರಗಳು, ಆಡಳಿತದ ಸಡಿಲ, ಸಾಲ ಸೇರಿ ಮೈಷುಗರ್ ರೋಗಗ್ರಸ್ತ ಉದ್ದಿಮೆಗಳ ಪಟ್ಟಿಗೆ ಬಿತ್ತು. ಇದರ ಪೆಟ್ಟು ನೇರವಾಗಿ ರೈತನಿಗೆ. ಕಟಾವಿನ ಪರ್ಮಿಟ್ ತಡವಾದರೆ ಕಬ್ಬು ಸೂಲಂಗಿ ಹೊಡೆದು ತೂಕ ಕಳೆದುಕೊಳ್ಳುತ್ತದೆ, ಕಡಿದ ಕಬ್ಬು ಗಾಡಿಯಲ್ಲೇ ಕಾದಷ್ಟೂ ಸಿಹಿ ಇಳಿಯುತ್ತದೆ, ಬಾಕಿ ಹಣ ಬಾರದಿದ್ದರೆ ಕೂಳೆಗೆ ಗೊಬ್ಬರ ಹಾಕಲೂ ಕಾಸಿರುವುದಿಲ್ಲ. ಕಾರ್ಖಾನೆಯ ಕಷ್ಟಗಳಲ್ಲಿ ಯಂತ್ರದ ಕಷ್ಟಕ್ಕಿಂತ ಈ ಬಟವಾಡೆಯ ಕಷ್ಟವೇ ಹೆಚ್ಚಿನದು.

ಹಲವು ಹಂಗಾಮುಗಳಲ್ಲಿ ಗಾಣ ನಿಂತೇ ಇತ್ತು. ಕಾರ್ಖಾನೆಯನ್ನು ದೀರ್ಘಾವಧಿ ಗುತ್ತಿಗೆಗೆ ಖಾಸಗಿಯವರಿಗೆ ಒಪ್ಪಿಸುವ ಪ್ರಸ್ತಾಪ ಎದ್ದಾಗ ಜಿಲ್ಲೆಯ ರೈತ ಸಂಘಟನೆಗಳು ಬೀದಿಗಿಳಿದವು. ತಮ್ಮ ಹಿರಿಯರ ಷೇರು ಹಣ ಸೇರಿ ಕಟ್ಟಿದ ಕಾರ್ಖಾನೆಯ ಮೇಲೆ ಅವರಿಗಿದ್ದ ಹಕ್ಕಿನ ಭಾವನೆ ನ್ಯಾಯವಾದದ್ದೇ. 2021ರಲ್ಲಿ ಸರ್ಕಾರ ಗುತ್ತಿಗೆಯ ಯೋಚನೆ ಕೈಬಿಟ್ಟು ತಾನೇ ನಡೆಸಲು ಒಪ್ಪಿತು. 2022ರಲ್ಲಿ ಕಬ್ಬು ಅರೆಯುವಿಕೆ ಮತ್ತೆ ಶುರುವಾಯಿತು. ಈಗ ಕಂಪನಿ ಕಬ್ಬಿಗಾಗಿ ಖಾಸಗಿ ಕಾರ್ಖಾನೆಗಳ ಜೊತೆಗೆ ಆಲೆಮನೆಗಳೊಂದಿಗೂ ಸ್ಪರ್ಧಿಸಬೇಕಾಗಿದೆ. ಬೆಲ್ಲದ ಧಾರಣೆ ಏರಿದ ವರ್ಷ, ಕೈಗೆ ಬೇಗ ಹಣ ಸಿಗುವ ಆಲೆಮನೆಯ ಕಡೆಗೇ ರೈತರು ಹೆಚ್ಚು ವಾಲುತ್ತಾರೆ.