ನೆನಪು, ಮರೆವು ಮತ್ತು ಯುಟ್ರೆಕ್ಟ್‌ನ ಇಲಿಗಳು

ಪಂಜರದಲ್ಲಿ ದೀಪ ಹೊತ್ತುತ್ತದೆ. ಕೆಲವೇ ಕ್ಷಣಗಳಲ್ಲಿ ನೆಲದ ಸರಳುಗಳಲ್ಲಿ ವಿದ್ಯುತ್ ಹರಿಯುತ್ತದೆ. ತಪ್ಪಿಸಿಕೊಳ್ಳಲು ನಡುವೆ ಒಂದು ಕಂಬವಿದೆ. ಕೆಲವು ಸಲ ಪೆಟ್ಟು ತಿಂದ ಇಲಿ, ದೀಪ ಕಂಡೊಡನೆ ಕಂಬಕ್ಕೆ ಜಿಗಿಯುವುದನ್ನು ಕಲಿತುಬಿಡುತ್ತದೆ. ಹಾಲೆಂಡಿನ ಯುಟ್ರೆಕ್ಟ್ ನಗರದ ವಿಜ್ಞಾನಿ ಡೇವಿಡ್ ಡಿ ವೀಡ್ ಅವರ ಕುತೂಹಲವಿದ್ದುದು ಮುಂದಿನ ಘಟ್ಟದಲ್ಲಿ. ವಿದ್ಯುತ್ ನಿಲ್ಲಿಸಿ ದೀಪ ಮಾತ್ರ ಹೊತ್ತಿಸುತ್ತಿದ್ದರೆ ಇಲಿ ಎಷ್ಟು ಕಾಲ ಜಿಗಿಯುತ್ತದೆ?

ಕ್ರಮೇಣ ಬಿಟ್ಟುಬಿಡುತ್ತದೆ. ಆದರೆ ಇಂಥದೇ ಇನ್ನೊಂದು ಪರೀಕ್ಷೆಯಲ್ಲಿ, ಪಿಟ್ಯುಟರಿ ಗ್ರಂಥಿಯ ಹಿಂಭಾಗವನ್ನು ತೆಗೆದ ಇಲಿಗಳು ಉಳಿದವುಗಳಂತೆಯೇ ಕಲಿತರೂ ಬಹು ಬೇಗ ಅದನ್ನು ಕೈಬಿಟ್ಟವು ಎಂದು ಅವರು 1965ರಲ್ಲಿ ವರದಿ ಮಾಡಿದರು. ಆ ಭಾಗದಿಂದ ಸ್ರವಿಸುವ ವಾಸೋಪ್ರೆಸಿನ್ನನ್ನು ಒಮ್ಮೆ ಚುಚ್ಚಿದರೆ ಸಾಕು, ಇಲಿ ದಿನಗಟ್ಟಲೆ ಸುಮ್ಮಸುಮ್ಮನೆ ಜಿಗಿಯುತ್ತಿತ್ತು ಎಂಬ ವರದಿ 1971ರಲ್ಲಿ ಬಂತು.

ಮೂತ್ರಪಿಂಡ ನೀರನ್ನು ಉಳಿಸಿಕೊಳ್ಳುವಂತೆ ಮಾಡುವ, ರಕ್ತದೊತ್ತಡ ಏರಿಸುವ ಹಾರ್ಮೋನೆಂದೇ ಪರಿಚಿತವಾಗಿದ್ದ ವಸ್ತುವಿದು. ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಅಂದರೆ ಪೆಪ್ಟೈಡ್. ಹೆರಿಗೆಗೂ ಹಾಲೂಡಿಕೆಗೂ ನೆರವಾಗುವ ಆಕ್ಸಿಟೋಸಿನ್‌ಗೂ ಇದಕ್ಕೂ ಎರಡೇ ಕೊಂಡಿಗಳ ವ್ಯತ್ಯಾಸ. ಆದರೂ ಇಲಿಗಳಲ್ಲಿ ಅದರ ಪರಿಣಾಮ ಬಹುಮಟ್ಟಿಗೆ ತಿರುವುಮುರುವು: ಕಲಿತ ಭಯ ಬೇಗ ನಂದುತ್ತಿತ್ತು.

ಅದೇ ಕಾಲದಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಜಾರ್ಜ್ ಉಂಗಾರ್, ಕತ್ತಲಿಗೆ ಹೆದರುವಂತೆ ಪಳಗಿಸಿದ ಇಲಿಗಳ ಮಿದುಳಿನಿಂದ ‘ಸ್ಕೋಟೋಫೋಬಿನ್’ ಎಂಬ ಪೆಪ್ಟೈಡ್ ತೆಗೆದು, ಆ ಭಯವನ್ನೇ ಬೇರೆ ಪ್ರಾಣಿಗಳಿಗೆ ದಾಟಿಸಬಹುದೆಂದರು. 1972ರಲ್ಲಿ ‘ನೇಚರ್’ ಪತ್ರಿಕೆ ಆ ಲೇಖನವನ್ನು ಕಟುವಿಮರ್ಶೆಯ ಜೊತೆಗೇ ಅಚ್ಚುಮಾಡಿತು. ವಾದ ನಿಲ್ಲಲಿಲ್ಲ. ನೆನಪು ಸೀಸೆಯಲ್ಲಿ ತುಂಬಿಡುವ ಸರಕಲ್ಲ. ಡಿ ವೀಡ್ ಹೇಳಿದ್ದು ಇದಕ್ಕಿಂತ ಮಿತವಾದದ್ದು: ಪೆಪ್ಟೈಡ್ ನೆನಪನ್ನು ಹೊತ್ತಿರುವುದಿಲ್ಲ, ಅದರ ಹಿಡಿತವನ್ನು ಬಿಗಿಗೊಳಿಸುತ್ತದೆ ಅಥವಾ ಸಡಿಲಿಸುತ್ತದೆ.

ಅದಕ್ಕೂ ತಕರಾರು ಬಂತು. ದೇಹದಲ್ಲಿ ವಾಸೋಪ್ರೆಸಿನ್ ರಕ್ತದೊತ್ತಡ ಏರಿಸುವುದನ್ನು ತಡೆದರೆ ಕಲಿಕೆಯ ಮೇಲಿನ ಪರಿಣಾಮವೂ ಇಲ್ಲವಾಗುತ್ತದೆ ಎಂದು 1981ರಲ್ಲಿ ಬೇರೆ ಸಂಶೋಧಕರು ತೋರಿಸಿದರು. ಹಾಗಾದರೆ ಇಲಿ ನೆನಪಿಟ್ಟುಕೊಂಡಿತ್ತೋ, ಬರಿದೇ ಕಳವಳಗೊಂಡಿತ್ತೋ? ನೇರ ಮಿದುಳಿಗೇ ಕೊಟ್ಟರೆ ಅತ್ಯಲ್ಪ ಪ್ರಮಾಣವೂ ಕೆಲಸಮಾಡುತ್ತದೆ ಎಂಬುದು ಡಿ ವೀಡ್ ಪಕ್ಷದ ಉತ್ತರ.

ನಂದಿದ ಭಯ ಅಳಿಸಿಹೋಗುವುದೂ ಇಲ್ಲ. ಪಾವ್ಲೋವ್ ಅವರ ನಾಯಿಗಳಲ್ಲಿ ನಿಂತುಹೋದ ಜೊಲ್ಲು, ಬಿಡುವಿನ ಬಳಿಕ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಹಳೆಯ ಪಾಠದ ಮೇಲೆ ಹೊಸದೊಂದು ಪಾಠ ಕೂತಿರುತ್ತದೆ, ಅಷ್ಟೆ.

1978ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ, ಮೂಗಿನ ಮೂಲಕ ವಾಸೋಪ್ರೆಸಿನ್ ಪಡೆದವರ ನೆನಪು ಸುಧಾರಿಸಿತೆಂದು ವರದಿ ಮಾಡಿದಾಗ, ಮರೆವು ಕವಿದ ಹಿರಿಯರಿರುವ ಮನೆಗಳಿಗೆ ಅದು ಸಣ್ಣ ಸುದ್ದಿಯಾಗಿರಲಿಲ್ಲ. ಮುಂದಿನ ಪ್ರಯೋಗಗಳು ಒಂದೇ ಉತ್ತರ ಕೊಡಲಿಲ್ಲ. ಮರೆವಿನ ಮದ್ದು ಬರಲೇ ಇಲ್ಲ. ವಾಸೋಪ್ರೆಸಿನ್ನಿನ ಕೃತಕ ರೂಪವೊಂದನ್ನು ವೈದ್ಯರು ಇಂದಿಗೂ ಕೊಡುತ್ತಾರೆ, ಆದರೆ ಅತಿಮೂತ್ರ ರೋಗಕ್ಕೆ ಮತ್ತು ರಾತ್ರಿ ಹಾಸಿಗೆ ಒದ್ದೆಮಾಡುವ ಮಕ್ಕಳಿಗೆ.